ಕಂಪನಿಗಳು ಕಾಲೇಜಿಗೆ ಬರಬೇಕಾದದ್ದು ಕೊನೆಯ ವರ್ಷದಲ್ಲಲ್ಲ

ಪದವೀಧರರು ಕೆಲಸಕ್ಕೆ ತಯಾರಾಗುವಂತೆ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಸೇರಿ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಧ್ಯಾಪಕಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಒಂದು ವಿಷಯ. ಕಂಪನಿಯಲ್ಲಿ ದಿನವೂ ಕೆಲಸ ಮಾಡುವವರ ಸಮಯ ವಿದ್ಯಾರ್ಥಿಗೆ ಸಿಗಬೇಕು, ಅದೂ ಓದು ನಡೆಯುತ್ತಿರುವಾಗಲೇ.

ಈಗ ಜಾಸ್ತಿ ನಡೆಯುವುದು ಒಂದು ಒಪ್ಪಂದ, ಆಗಾಗ ಒಂದು ಅತಿಥಿ ಉಪನ್ಯಾಸ, ಕೊನೆಯ ವರ್ಷ ಕ್ಯಾಂಪಸ್ ಇಂಟರ್‌ವ್ಯೂ. ಇಂಟರ್‌ವ್ಯೂನಲ್ಲಿ ಆರಿಸಿಕೊಳ್ಳಬಹುದು, ಕಲಿಸಲು ಆಗುವುದಿಲ್ಲ. ಹುಡುಗರಿಗೆ ಏನು ಬರುವುದಿಲ್ಲ ಅಂತ ಕಂಪನಿಗೆ ಗೊತ್ತಾಗುವ ಹೊತ್ತಿಗೆ ಓದು ಮುಗಿದಿರುತ್ತದೆ. ಆ ಮಾತು ಪಾಠ ಮಾಡಿದವರ ಕಿವಿಗೆ ಬೀಳುವುದೇ ಇಲ್ಲ.

ಇದಕ್ಕೆ ದಾರಿ ಹೊಸದೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲೇ ಹರ್ಮನ್ ಶ್ನೈಡರ್ ಅವರು ಎಂಜಿನಿಯರಿಂಗ್ ಪಾಠ ಮತ್ತು ಕಾರ್ಖಾನೆ ಕೆಲಸ ಸರದಿಯಂತೆ ನಡೆಯುವ ಕ್ರಮ ಶುರು ಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿ ಇಟ್ಟುಕೊಂಡು. ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಇದಕ್ಕಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ಅಲ್ಲಿ ಸುಮಾರು ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿ. ಪದವಿ ಮುಗಿಯುವವರೆಗೂ ಹೀಗೇ. ವಿದ್ಯಾರ್ಥಿಗೆ ಕಂಪನಿಯೊಡನೆ ಕರಾರು ಇರುತ್ತದೆ, ಪಾಠದ ತಿಂಗಳುಗಳಲ್ಲೂ ಸಂಬಳ ಬರುತ್ತದೆ.

ಈ ಹೋಗಿಬರುವುದರಲ್ಲೇ ಇರುವುದು ಎಲ್ಲಾ. ಪಾಠದಲ್ಲಿ ಕೊಡುವ ಲೆಕ್ಕದಲ್ಲಿ ಅಂಕಿಅಂಶ ಅಚ್ಚುಕಟ್ಟಾಗಿರುತ್ತದೆ. ಕೆಲಸದ ಜಾಗದಲ್ಲಿ ಅರ್ಧ ಕಾಲಂ ಖಾಲಿ, ಒಬ್ಬನೇ ಗ್ರಾಹಕನ ಹೆಸರು ಮೂರು ಥರ ಬರೆದಿರುತ್ತದೆ. ಅದರ ಜೊತೆ ಒದ್ದಾಡಿ ಬಂದ ಹುಡುಗಿ ಮುಂದಿನ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ‘ಈ ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ’ ಅಂತ ಮೇಲಿನವರಿಗೆ ಮೊದಲೇ ತಿಳಿಸುವುದನ್ನೂ ಅವಳು ಅಲ್ಲೇ ಕಲಿಯುತ್ತಾಳೆ. ಓದು ಮುಗಿದ ಮೇಲೆ ಒಂದೇ ಸಲ ಮಾಡುವ ಇಂಟರ್ನ್‌ಶಿಪ್‌ನಿಂದ ಇದು ಸಿಗುವುದಿಲ್ಲ. ಪ್ರಶ್ನೆ ಹೊತ್ತು ವಾಪಸ್ ಬರಲು ತರಗತಿಯೇ ಉಳಿದಿರುವುದಿಲ್ಲ, ಅಲ್ವಾ?

ಇಷ್ಟು ದೊಡ್ಡದಾಗಿ ಮಾಡಲು ಎಲ್ಲರಿಗೂ ಆಗಲಿಕ್ಕಿಲ್ಲ. ಆಗ ಕಂಪನಿ ತಾನು ಈಗಾಗಲೇ ಬಗೆಹರಿಸಿಕೊಂಡ ಒಂದು ಹಳೆಯ ಸಮಸ್ಯೆಯನ್ನು ಒಂದು ಸೆಮಿಸ್ಟರ್‌ಗೆ ಕೊಡಲಿ. ಹಳೆಯದಾದ್ದರಿಂದ ಗುಟ್ಟಿನ ಭಯ ಕಡಿಮೆ. ಅದರಲ್ಲಿ ಕೈಯಾಡಿಸಿದ ನೌಕರರೊಬ್ಬರು ಎರಡು ವಾರಕ್ಕೊಮ್ಮೆ ಒಂದು ಗಂಟೆ ಕೂತು ವಿದ್ಯಾರ್ಥಿಗಳ ಕೆಲಸ ನೋಡಲಿ, ಅಧ್ಯಾಪಕರ ಜೊತೆ ಸೇರಿ ಅಂಕ ಕೊಡಲಿ. ಆ ಗಂಟೆಯನ್ನು ಕಂಪನಿ ಅವರ ಕೆಲಸದ ಸಮಯ ಅಂತಲೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಮೂರನೇ ಸಲಕ್ಕೆ ಅವರು ಬರುವುದಿಲ್ಲ. ರಜೆಯಲ್ಲಿ ಅಧ್ಯಾಪಕರೂ ಕಂಪನಿಗೆ ಹೋಗಿ ಕೆಲಸ ನೋಡಿ ಬರಬೇಕು.

ಎರಡು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಇಂಟರ್ನ್‌ಶಿಪ್‌ಗೆ ಸ್ಟೈಪೆಂಡ್ ಇರಲೇಬೇಕು. ದುಡ್ಡಿಲ್ಲದೆ ತಿಂಗಳುಗಟ್ಟಲೆ ದುಡಿಯಲು ಆಗುವುದು ಮನೆ ಕಡೆ ಅನುಕೂಲ ಇರುವವರಿಗೆ ಮಾತ್ರ. ಹಾಗೆಯೇ, ಒಂದು ಕಂಪನಿಯ ಸಾಫ್ಟ್‌ವೇರ್‌ಗೆ ತಕ್ಕಂತೆ ಇಡೀ ಸಿಲಬಸ್ ಬದಲಿಸಬಾರದು. ಆ ಸಾಫ್ಟ್‌ವೇರ್ ನಾಳೆ ಬದಲಾಗುತ್ತದೆ. ತನ್ನ ಸಾಧನಗಳನ್ನು ಕಲಿಸುವ ಹೊಣೆ ಕಂಪನಿಯದು.

ನೀವು ವಿಶ್ವವಿದ್ಯಾಲಯದ ಕಡೆ ಇದ್ದರೂ ಕಂಪನಿಯ ಕಡೆ ಇದ್ದರೂ ಮೊದಲು ಹೋದ ವರ್ಷ ಕೆಲಸಕ್ಕೆ ಸೇರಿದವರನ್ನು ಕರೆಸಿ. ಮೊದಲ ಆರು ತಿಂಗಳಲ್ಲಿ ಎಲ್ಲಿ ಕಷ್ಟವಾಯಿತು ಅಂತ ಕೇಳಿ. ಅವರಿಗೆ ಪಾಠ ಮಾಡಿದವರನ್ನೂ ಅವರ ಮ್ಯಾನೇಜರನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ.