ನಗು ಅವರದ್ದು, ಆ ರಾತ್ರಿ ಇಬ್ಬರದ್ದೂ

(ಗುರುತು ಸಿಗುವ ಸಂಗತಿಗಳನ್ನೆಲ್ಲ ಬದಲಿಸಿದ್ದೇನೆ.)

ಕೇರಳದ ಬದಿಯಡ್ಕದ ಕಡೆಯ ಒಂದು ಅಡಿಕೆ ತೋಟದ ಮನೆ. ಯಜಮಾನರಿಗೆ 54 ವರ್ಷ. ಊರಿನ ತಾಳಮದ್ದಳೆಗಳಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ಕೂಟಗಳಲ್ಲಿ, ಅರ್ಥ ಹೇಳುವವರು. ಮಲದಲ್ಲಿ ರಕ್ತ ಹೋಗುತ್ತಿದ್ದದ್ದನ್ನು ಮೂಲವ್ಯಾಧಿ ಅಂದುಕೊಂಡು ತಿಂಗಳುಗಟ್ಟಲೆ ಮನೆಮದ್ದು ಮಾಡಿದ್ದರು. ಕೊನೆಗೆ ಮಂಗಳೂರಿನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿದಾಗ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು. ಗುದದ್ವಾರ ಮುಚ್ಚಿ, ಹೊಟ್ಟೆಯ ಎಡಬದಿಯಲ್ಲಿ ಮಲಕ್ಕೆ ದಾರಿ ಮಾಡಿ, ಅದರ ಮೇಲೆ ಚೀಲ ಅಂಟಿಸಿದರು. ಇನ್ನು ಜೀವಮಾನವಿಡೀ ಹಾಗೆಯೇ.

ಸಲಹೆ ಕೇಳಿಕೊಂಡು ನನ್ನ ಹತ್ತಿರ ಮೊದಲು ಬಂದದ್ದು ಅವರ ಹೆಂಡತಿ. "ಇವರು ಎಲ್ಲರ ಹತ್ರ ಹೇಳಿಕೊಂಡು ನಗಾಡ್ತಾರೆ ಮೇಡಂ. ನನಗೆ ತಲೆ ಎತ್ತಿ ನಡೆಯಲಿಕ್ಕಿಲ್ಲ."

ತಮಾಷೆಗಳನ್ನು ಕೇಳಿ ನನಗೂ ನಗು ತಡೆಯಲಿಲ್ಲ, ನಿಜ. ಒಂದು ಕೂಟದಲ್ಲಿ ಎದುರಾಳಿ ಅರ್ಥ ಹೇಳುತ್ತಿದ್ದಾಗ ಇವರ ಚೀಲದಿಂದ ಸದ್ದು ಬಂತಂತೆ. "ನಾನು ಸುಮ್ಮನಿದ್ದೇನೆ, ಇವನಿಗೆ ತಡೆಯುವುದಿಲ್ಲ" ಅಂತ ಹೊಟ್ಟೆ ತೋರಿಸಿದರಂತೆ. ಇನ್ನೊಂದು: "ಹಿಂದಿನಿಂದ ಮಾತಾಡುವವರು ಇನ್ನು ಎದುರಿಗೇ ಬನ್ನಿ, ನನ್ನ ಹಿಂಬಾಗಿಲು ಹೊಲಿದಾಗಿದೆ."

ಹೆಂಡತಿಯ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಪಂಚಾಯತಿನ ಪಾಲಿಯೇಟಿವ್ (ಕಾಯಿಲೆಯ ನೋವು-ಸಂಕಟ ಕಡಿಮೆ ಮಾಡುವ ಆರೈಕೆಯ) ನರ್ಸ್ ಬರುವ ಜೀಪನ್ನು ಕೂಡ ಮೇಲಿನ ರಸ್ತೆಯಲ್ಲೇ ನಿಲ್ಲಿಸಲು ಹೇಳಿದ್ದರು. ಪಾಲಿಯೇಟಿವ್ ಅಂದರೆ ಕೊನೆಗಾಲದವರಿಗೆ ಮಾತ್ರ ಅಂತ ಊರು ತಿಳಿಯುತ್ತದೆ ಅನ್ನುವ ಹೆದರಿಕೆ. ಕೇರಳ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ಮಾಡಿ ಮನೆಮನೆಗೆ ಆರೈಕೆ ತಲುಪಿಸುತ್ತಿದೆ. ದೀರ್ಘ ಕಾಯಿಲೆಯ ಯಾರಿಗಾದರೂ ಅದು ಸಿಗುತ್ತದೆ. ಜೊತೆಗೆ ಮಗಳಿಗೆ ಸಂಬಂಧ ನೋಡುತ್ತಿದ್ದರು. ಗಂಡಿನ ಕಡೆಯವರ ಕಿವಿಗೆ ಬಿದ್ದರೆ?

ಮುಂದೆ ಇಬ್ಬರನ್ನೂ ಕೂರಿಸಿ ಮಾತಾಡಿದೆ. ತಮಾಷೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಇದು ಬಾಯಿಬಿಟ್ಟು ಹೇಳಲು ನಾಚುವ ಜಾಗದ ಕಾಯಿಲೆ. ಅವರು ನಗಿಸಿದ್ದರಿಂದಲೇ ಅವರ ತಮ್ಮ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಅನ್ನುವ ಸಣ್ಣ ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಅದನ್ನು ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇತ್ತು. ಗಂಭೀರ ಮುಖ ಮಾಡಿ ಹೇಳಿದ್ದರೆ ತಮ್ಮ ಕೇಳುತ್ತಿದ್ದನೋ ಇಲ್ಲವೋ.

ಆದರೆ ಹೆಂಡತಿಯ ಸಿಟ್ಟಿನ ಬುಡ ನಾಚಿಕೆಯಲ್ಲಿ ಇರಲಿಲ್ಲ. ಬಿಡಿಸಿ ಕೇಳಿದಾಗ ಹೊರಬಂತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಒಂದು ರಾತ್ರಿ ಚೀಲ ಕಿತ್ತುಬಂದು ಹಾಸಿಗೆಯೆಲ್ಲ ಹಾಳಾಗಿತ್ತು. ಹೆಂಡತಿ ಒಬ್ಬರೇ ಒರೆಸಿ, ಬಟ್ಟೆ ಒಗೆದು, ಬಚ್ಚಲಲ್ಲಿ ಕೂತು ಅತ್ತಿದ್ದರು. ಅದೇ ಕಥೆಯನ್ನು ಗಂಡ ಒಂದು ಮದುವೆಮನೆಯಲ್ಲಿ ಅಭಿನಯ ಮಾಡಿ ತೋರಿಸಿದರು, ಹೆಂಡತಿ ಮೂಗು ಮುಚ್ಚಿಕೊಂಡದ್ದನ್ನೂ ಸೇರಿಸಿ. ಪಂಕ್ತಿಯವರೆಲ್ಲ ನಕ್ಕರು. "ನನ್ನ ಹತ್ರ ಮಾತ್ರ ಇವರು ಒಂದು ದಿನವೂ ಹೆದರಿಕೆ ಆಗ್ತದೆ ಅಂತ ಹೇಳಲಿಲ್ಲ. ಎಂತ ಕೇಳಿದ್ರೂ ಜೋಕು."

ಗಂಡ ಮೊದಲ ಸಲ ಮಾತಿಲ್ಲದೆ ಕೂತದ್ದು ಆಗಲೇ.

ನಾನು ಅವರಿಗೆ ಹೇಳಿದ್ದು ಇಷ್ಟು. ನಿಮ್ಮ ಹೊಟ್ಟೆ, ನಿಮ್ಮ ಚೀಲ, ಎಲ್ಲಿ ಬೇಕಾದರೂ ಹೇಳಿ. ಆ ರಾತ್ರಿ ಮಾತ್ರ ನಿಮ್ಮೊಬ್ಬರದ್ದಲ್ಲ, ಕೇಳಿಯೇ ಹೇಳಬೇಕು. ಹೆಂಡತಿ ನಿಜವಾಗಿ ಕೇಳಿದಾಗ ಮೊದಲು ನೇರ ಉತ್ತರ, ಜೋಕು ಆಮೇಲೆ. ಕೂಟಕ್ಕೆ ಹೊರಡುವ ಮೊದಲು ಚೀಲ ಖಾಲಿ ಮಾಡಿ. ಮೂರನೇ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡುವ ಅಭ್ಯಾಸ ಇದ್ದರೆ ಕಿತ್ತುಬರುವುದು ಕಡಿಮೆ. ಅಡಿಕೆ ಗೋಣಿ ಎತ್ತುವ ಶೌರ್ಯ ಬೇಡ, ಚೀಲದ ಜಾಗದಲ್ಲಿ ಹರ್ನಿಯಾ (ಕರುಳು ಹೊರಗೆ ಉಬ್ಬುವುದು) ಆಗಬಹುದು.

ಹೆಂಡತಿಗೆ: ನಗಲೇಬೇಕು ಅಂತ ಇಲ್ಲ. "ಇವತ್ತು ಬೇಡ" ಅನ್ನುವ ಹಕ್ಕು ನಿಮಗಿದೆ. ಹೊಟ್ಟೆಯ ಮೇಲೆ ಕಾಣುವ ಕರುಳಿನ ಆ ಕೆಂಪು ತುದಿಯನ್ನು ಮುಟ್ಟಿದರೆ ಅವರಿಗೆ ನೋಯುವುದಿಲ್ಲ, ಅದರಲ್ಲಿ ನೋವಿನ ನರ ಇಲ್ಲ. ಇಷ್ಟು ದಿನ ಅದೇ ಭಯದಲ್ಲಿ ಹೆಂಡತಿ ಕೈ ನಡುಗಿಸಿಕೊಂಡು ಚೀಲ ಬದಲಿಸುತ್ತಿದ್ದರು!

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮುಚ್ಚಿಡಬಾರದು. ಇದು ಅಂಟುವ ಕಾಯಿಲೆ ಅಲ್ಲ. ಹೆಚ್ಚಿನವರಲ್ಲಿ ನೇರವಾಗಿ ವಂಶದಿಂದ ಬಂದದ್ದೂ ಅಲ್ಲ. ಆದರೂ ತಂದೆಗೆ ಬಂದಿದ್ದರೆ ಮಕ್ಕಳು ಸಾಮಾನ್ಯವಾಗಿ 40ರ ಹೊತ್ತಿಗೆ ಪರೀಕ್ಷೆ ಶುರುಮಾಡಬೇಕು. ತಂದೆಗೆ ಚಿಕ್ಕ ವಯಸ್ಸಲ್ಲೇ ಬಂದಿದ್ದರೆ ಇನ್ನೂ ಮೊದಲು. ಮಗಳಿಗೆ ಅದು ಗೊತ್ತಿರಲೇಬೇಕು. ಗಂಡಿನ ಕಡೆಯವರಿಗೆ ಯಾವಾಗ, ಯಾರು ಹೇಳಬೇಕು ಅನ್ನುವುದು ಅವಳ ತೀರ್ಮಾನ, ಅಪ್ಪನ ಭಾಷಣ ಬೇಡ.

ಮಗಳು ತಾನೇ ಹೇಳಿದಳಂತೆ. ಆ ಸಂಬಂಧ ಮುಂದುವರಿಯಲಿಲ್ಲ. ಜಾತಕ ಹೊಂದುವುದಿಲ್ಲ ಅಂತ ಅವರು ಕಾರಣ ಕೊಟ್ಟರು. ತಂದೆ ಅದಕ್ಕೂ ಒಂದು ಜೋಕು ರೆಡಿ ಮಾಡಿದ್ದರು. "ಇದು ಬೇಡ ಅಪ್ಪ, ನನ್ನದು" ಅಂದಳು ಮಗಳು. ಅವರು ಹೇಳಲಿಲ್ಲ. ಮಂಗಳೂರಿನ ಫಾಲೋಅಪ್ ನಡೆಯುತ್ತಿದೆ. ಮುಂದಿನ ಸಲ ಮಗಳನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.