ಕಾಡು ಕಡಿದರೆ ಹೇಮಾವತಿಗೆ ನೀರು ಜಾಸ್ತಿಯಾಗುತ್ತಾ?

ಅಮೆರಿಕದಲ್ಲಿ ಮರ ಕಡಿದು ಹಿಮದ ನೀರು ಹೆಚ್ಚಿಸಿಕೊಂಡರಂತೆ, ಚಿಕ್ಕಮಗಳೂರಿನ ಗುಡ್ಡಗಳಲ್ಲೂ ಹಾಗೇ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ, ನೀರಿನ ವಿಷಯ ಅಂದರೆ ಸುಮ್ಮನಿರಲಾಗುವುದಿಲ್ಲ.

ನೀವು ಓದಿದ್ದು ನಿಜ. ಕೊಲೊರಾಡೊದ ಫ್ರೇಸರ್ ಪ್ರಾಯೋಗಿಕ ಅರಣ್ಯದಲ್ಲಿ ಫೂಲ್ ಕ್ರೀಕ್ ಅಂತ ಒಂದು ಹಳ್ಳವಿದೆ. 1954ರಿಂದ 56ರವರೆಗೆ ಅದರ ಜಲಾನಯನದ ಸುಮಾರು ಶೇ 40ರಷ್ಟು ಕಾಡನ್ನು ಪಟ್ಟಿ ಪಟ್ಟಿಯಾಗಿ ಕಡಿದರು. ಮುಟ್ಟದೆ ಬಿಟ್ಟ ಪಕ್ಕದ ಹಳ್ಳಕ್ಕೆ ಹೋಲಿಸಿದಾಗ ನೀರು ಸುಮಾರು ಶೇ 40 ಜಾಸ್ತಿ ಬಂತು. ಅಲ್ಲಿನ ಸ್ಪ್ರೂಸ್, ಫರ್ ಮರಗಳ ರೆಂಬೆ ಮೇಲೆ ಕೂತ ಹಿಮದಲ್ಲಿ ಒಂದಿಷ್ಟು ನೆಲ ಮುಟ್ಟುವುದೇ ಇಲ್ಲ, ಗಾಳಿ ಬಿಸಿಲಿಗೆ ನೇರ ಆವಿಯಾಗುತ್ತದೆ. ಮರವಿಲ್ಲದ ಪಟ್ಟಿಯಲ್ಲಿ ಅದು ನೆಲಕ್ಕೆ ಬಿದ್ದು ಚಳಿಗಾಲ ಪೂರ್ತಿ ಉಳಿಯುತ್ತದೆ. ಹೀರುವ ಬೇರು ಕಡಿಮೆಯಾದ್ದರಿಂದ ಮಣ್ಣಲ್ಲೂ ತೇವ ಇರುತ್ತದೆ, ಕರಗಿದ್ದು ಹಳ್ಳಕ್ಕೇ ಇಳಿಯುತ್ತದೆ. ತೀರಾ ಅಗಲಕ್ಕೆ ಬೋಳಿಸಿದರೆ ಗಾಳಿ ಹಿಮವನ್ನೇ ಗುಡಿಸಿಕೊಂಡು ಹೋಗುತ್ತದೆ, ಅದಕ್ಕೇ ಪಟ್ಟಿ.

ಆದರೆ ಹೆಚ್ಚಿದ ನೀರಿನ ಬಹುಪಾಲು ಬಂದದ್ದು ಹಿಮ ಕರಗಿ ಹಳ್ಳ ಉಕ್ಕುವ ಹೊತ್ತಿನಲ್ಲೇ, ಮುಖ್ಯವಾಗಿ ಮೇ ತಿಂಗಳಲ್ಲಿ. ಬೇಸಿಗೆ ಕೊನೆಯ ಹರಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಈ ಅರ್ಧವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಹೇಮಾವತಿ ಹುಟ್ಟುವ ಜಾವಳಿ ಕಡೆ ಜುಲೈನಲ್ಲಿ ನೀರಿಗೇನು ಬರ? ಹಳ್ಳಕ್ಕೆ ಹಾಕಿದ ಕಾಲುಸಂಕವೇ ಕೊಚ್ಚಿಹೋಗುತ್ತದೆ. ನಮ್ಮ ಗೋಳು ಫೆಬ್ರವರಿ, ಮಾರ್ಚಿನದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಪಂಪು ಹೊತ್ತು ಎಲ್ಲರೂ ಅದೇ ಹಳ್ಳಕ್ಕೆ ಇಳಿಯುತ್ತಾರೆ, ಗುಂಡಿಯಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಅವರಿಗೆ ಹಿಮವೇ ನೀರಿನ ಕಣಜ, ನಮಗೆ ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲುಗುಡ್ಡಗಳ ಮಣ್ಣು. ಶೋಲಾ ಕಡಿದರೆ ವರ್ಷದ ಲೆಕ್ಕದಲ್ಲಿ ನೀರು ಹೆಚ್ಚಲೂಬಹುದು, ಆದರೆ ಅದು ಮಳೆಗಾಲದಲ್ಲೇ ಕೆಂಪಾಗಿ ಹರಿದು ಹೇಮಾವತಿಯ ಗೊರೂರು ಜಲಾಶಯಕ್ಕೆ ಹೂಳು ತುಂಬುತ್ತದೆ.

ಹಾಗಂತ ಮರ ನೆಟ್ಟಷ್ಟೂ ನೀರು ಅನ್ನುವವರನ್ನೂ ನಂಬಬೇಡಿ. ಬಾಷ್ ಮತ್ತು ಹ್ಯೂಲೆಟ್ ಅನ್ನುವ ಸಂಶೋಧಕರು 1982ರಲ್ಲಿ 94 ಜಲಾನಯನಗಳ ಪ್ರಯೋಗಗಳನ್ನು ಒಟ್ಟಿಗೆ ನೋಡಿದ್ದರು. ಪೈನ್, ನೀಲಗಿರಿಯಂಥ ಮರಗಳ ಹೊದಿಕೆ ಶೇ 10 ಹೆಚ್ಚಾದರೆ ವರ್ಷದ ಹರಿವು ಸುಮಾರು 40 ಮಿ.ಮೀ. ಇಳಿಯುತ್ತದೆ, ಕಮ್ಮಿಯಾದರೆ ಅಷ್ಟೇ ಏರುತ್ತದೆ ಅಂತ ಅವರ ಲೆಕ್ಕ. ಕಡಿಯಲೇಬೇಕೆಂದರೆ ಅರಣ್ಯ ಇಲಾಖೆಯವರು ಹುಲ್ಲುಗುಡ್ಡಗಳ ಮೇಲಿನ ನೀಲಗಿರಿ, ಅಕೇಶಿಯಾ ನೆಡುತೋಪುಗಳಿಂದ ಶುರು ಮಾಡಲಿ. ಅದನ್ನೂ ಒಂದೇ ವರ್ಷ ಬೋಳಿಸದೆ, ಹುಲ್ಲು ಮತ್ತೆ ಹಿಡಿದುಕೊಳ್ಳುವ ಹಾಗೆ ತುಂಡು ತುಂಡಾಗಿ.