ಗುಂಗುರು ಕೂದಲಿಗೆ ಕೇಳಿದ ಉಲ್ಕೆ

ಪ್ರಶ್ನೆ: ಕಳೆದ ಡಿಸೆಂಬರ್ 14ರ ನಸುಕಿನಲ್ಲಿ ಜೆಮಿನಿಡ್ ಉಲ್ಕೆಗಳನ್ನು ನೋಡಲು ನಾವು ಮೂವರು ತಾರಸಿಯಲ್ಲಿ ಚಾಪೆ ಹಾಸಿ ಮಲಗಿದ್ದೆವು. ಮೂರು ಗಂಟೆಯ ಹೊತ್ತಿಗೆ ನೆತ್ತಿಯ ಮೇಲೆ ದೊಡ್ಡದೊಂದು ಉಲ್ಕೆ ಹಾದುಹೋಯಿತು. ಅದು ಹೊಳೆದ ಕ್ಷಣದಲ್ಲೇ ‘ಚುಂಯ್’ ಎಂಬ ಸದ್ದು ಕೇಳಿಸಿತೆಂದು ಮಗಳು ಹೇಳುತ್ತಾಳೆ. ಅವಳು ಹೇಳಿದ ಮೇಲೆ ನನಗೂ ಕೇಳಿಸಿದಂತೆ ಅನ್ನಿಸಿತು. ಯಜಮಾನರಿಗೆ ಏನೂ ಕೇಳಿಸಿಲ್ಲ. ‘ಅದು ಪಕ್ಕದ ಮನೆಯ ನೀರುದೋಸೆ’ ಎಂದು ಈಗಲೂ ನಗುತ್ತಾರೆ. ಉಲ್ಕೆ ನಿಜಕ್ಕೂ ಸದ್ದು ಮಾಡುತ್ತದೆಯೇ? ಅಂದ ಹಾಗೆ ಮಗಳದು ದಟ್ಟ ಗುಂಗುರು ಕೂದಲು, ಯಜಮಾನರದು ಬೋಳುತಲೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಮಗಳು ಎಲ್ಲೋ ಓದಿದ್ದಾಳಂತೆ.
– ಓದುಗರೊಬ್ಬರು, ಕಟಪಾಡಿ

ಉತ್ತರ: ನಸುಕಿನ ಮೂರು ಗಂಟೆಗೆ ನೀರುದೋಸೆ ಎರೆಯುವ ಮನೆ ಕಟಪಾಡಿಯಲ್ಲಿದ್ದರೆ ದಯವಿಟ್ಟು ವಿಳಾಸ ಕಳುಹಿಸಿ.

ಆದರೂ ಮೊದಲು ಯಜಮಾನರ ಪರವಾಗಿಯೇ ವಾದಿಸುತ್ತೇನೆ. ಉಲ್ಕೆಗಳು ಉರಿಯುವುದು ಸಾಮಾನ್ಯವಾಗಿ 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ. 90 ಎಂದೇ ಇಟ್ಟುಕೊಳ್ಳಿ. ಮಂಗಳೂರಿನಿಂದ ಕುಂದಾಪುರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಆ ಹೆದ್ದಾರಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅದರ ಕುಂದಾಪುರದ ತುದಿಯಲ್ಲಿ ನಿಮ್ಮ ಉಲ್ಕೆ ಉರಿದದ್ದು. ಬೆಳಕು ಕಣ್ಣು ಮಿಟುಕಿಸುವುದರೊಳಗೆ ಇಳಿದು ಬಂತು. ಸದ್ದು ಸೆಕೆಂಡಿಗೆ 340 ಮೀಟರಿನಂತೆ ಬಂದರೂ ನಾಲ್ಕೂವರೆ ನಿಮಿಷ ಬೇಕು. ಜಾತ್ರೆಯಲ್ಲಿ ಗದ್ದೆಯಾಚೆ ಗರ್ನಾಲು ಹೊಡೆದಾಗ ಕಿಡಿ ಮೊದಲು ಕಾಣುತ್ತದೆ, ಎದೆ ಆಮೇಲೆ ನಡುಗುತ್ತದೆ. ಇದೂ ಅದೇ ಲೆಕ್ಕ. ರಷ್ಯಾದ ಚೆಲ್ಯಾಬಿನ್‌ಸ್ಕ್‌ನಲ್ಲಿ 2013ರ ಫೆಬ್ರುವರಿ 15ರಂದು ಸೂರ್ಯನನ್ನು ನಾಚಿಸುವ ಬೆಳಕು ಕಂಡು ಜನ ಕಿಟಕಿಗಳಿಗೆ ಓಡಿದರು. ಎರಡು ನಿಮಿಷ ಕಳೆದ ಮೇಲೆ ಆಘಾತದ ಅಲೆ ಬಂದು ಆ ಕಿಟಕಿಗಳ ಗಾಜನ್ನೇ ಅವರ ಮುಖಕ್ಕೆ ಎರಚಿತು. ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಹಾಗಾಗಿ ಹೊಳೆದ ಕ್ಷಣದಲ್ಲೇ ಸದ್ದು ಎಂದರೆ ಸುಳ್ಳೆನ್ನುವುದು ಸುಲಭ. 1719ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ದೊಡ್ಡ ಅಗ್ನಿಗೋಲವೊಂದು ಹಾದುಹೋದಾಗ ‘ತಲೆಯ ಹತ್ತಿರವೇ ಹೋದಂತೆ ಬುಸ್ಸೆಂದಿತು’ ಎಂದು ಕೆಲವರು ಹೇಳಿದ್ದರು. ಎಡ್ಮಂಡ್ ಹ್ಯಾಲಿ, ಅಂದರೆ ಧೂಮಕೇತುವಿನ ಹ್ಯಾಲಿ, ಅದರ ಎತ್ತರವನ್ನು ಲೆಕ್ಕ ಹಾಕಿ, ಇದೆಲ್ಲ ಬರೀ ಭ್ರಮೆ ಎಂದುಬಿಟ್ಟ. ಅಷ್ಟು ದೊಡ್ಡವರು ಅಂದ ಮೇಲೆ ಕೇಳಬೇಕೇ? ಮುಂದೆ ಇನ್ನೂರೈವತ್ತು ವರ್ಷ, ಕಿವಿಯಾರೆ ಕೇಳಿದವರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

1978ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮತ್ತೊಂದು ಅಗ್ನಿಗೋಲ ಹಾದುಹೋಗಿ, ಮತ್ತೆ ಅವೇ ದೂರುಗಳು ಬಂದವು. ಕಾಲಿನ್ ಕೀ ಎಂಬ ಭೌತವಿಜ್ಞಾನಿ ಅವನ್ನು ಬುಟ್ಟಿಗೆ ಹಾಕಲಿಲ್ಲ. ಉಲ್ಕೆಯ ಹಿಂದಿನ ಸುಳಿಗಾಳಿಯಂತಹ ಬಿಸಿ ಬಾಲದಿಂದ ಅತಿ ಕಡಿಮೆ ಆವರ್ತನದ ರೇಡಿಯೋ ಅಲೆಗಳು ಹೊರಡುತ್ತಿರಬಹುದು, ಅವು ಬೆಳಕಿನ ಜೊತೆಗೇ ಬಂದು ನಮ್ಮ ಪಕ್ಕದ ವಸ್ತುಗಳನ್ನು ನಡುಗಿಸಿ ಸದ್ದು ಹುಟ್ಟಿಸುತ್ತಿರಬಹುದು ಎಂದು 1980ರಲ್ಲಿ ಬರೆದರು. ಕನ್ನಡಕದ ಕಟ್ಟು, ಗುಂಗುರು ಕೂದಲು ಇಂಥವೆಲ್ಲ ಆ ಪಟ್ಟಿಯಲ್ಲಿದ್ದವು. ನಿಮ್ಮ ಮಗಳು ಓದಿದ್ದು ಇದನ್ನೇ ಇರಬೇಕು.

2017ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಬೇರೊಂದು ದಾರಿ ತೋರಿಸಿದರು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು. ದೊಡ್ಡ ಅಗ್ನಿಗೋಲ ಒಂದೇ ಸಮನೆ ಉರಿಯುವುದಿಲ್ಲ. ಸೆಕೆಂಡಿಗೆ ಹತ್ತಾರು ಸಲ ಮಿನುಗುತ್ತದೆ. ಆ ಬೆಳಕು ಬಿದ್ದ ಎಲೆ, ಕಪ್ಪು ಬಟ್ಟೆ, ಕೂದಲು ಅದೇ ತಾಳಕ್ಕೆ ಒಂದಿಷ್ಟೇ ಬಿಸಿಯಾಗುತ್ತವೆ, ತಣಿಯುತ್ತವೆ. ಅವಕ್ಕೆ ಅಂಟಿಕೊಂಡ ಗಾಳಿ ಹಿಗ್ಗಿ ಕುಗ್ಗಿ ಸದ್ದಾಗುತ್ತದೆ. ಮಿನುಗುವ ಬೆಳಕಿನಿಂದ ಸದ್ದು ಹುಟ್ಟುವುದನ್ನು ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದ. ಅಂದರೆ ನಿಮ್ಮ ಮಗಳು ಉಲ್ಕೆಯ ಸದ್ದನ್ನು ಕೇಳಿದ್ದಲ್ಲ, ತನ್ನ ಕಿವಿಯ ಪಕ್ಕದ ಕೂದಲಿನ ಸದ್ದನ್ನು ಕೇಳಿದ್ದು.

ಇಲ್ಲಿಗೆ ತೀರ್ಪು ಕೊಡೋಣವೆಂದರೆ ಒಂದು ತೊಡಕು. ಅದಕ್ಕೆ ಬೇಕಾದ ಬೆಳಕು ಹುಣ್ಣಿಮೆ ಚಂದ್ರನಷ್ಟು. ನಮ್ಮ ಕರಾವಳಿಗೆ ಜೆಮಿನಿಡ್ ದೊಡ್ಡ ಹಬ್ಬವೇ ಸರಿ. ಆಗಸ್ಟಿನ ಪರ್ಸೀಡ್ ಉಲ್ಕೆಗಳನ್ನು ಮಳೆಗಾಲ ನುಂಗಿಹಾಕುತ್ತದೆ. ಆದರೆ ಜೆಮಿನಿಡ್‌ಗಳಲ್ಲಿ ಶುಕ್ರಗ್ರಹದಷ್ಟು ಹೊಳೆಯುವುದನ್ನು ಕಂಡರೇ ನಾವು ಹೋ ಎನ್ನುತ್ತೇವೆ, ಹುಣ್ಣಿಮೆಯಷ್ಟು ಹೊಳೆಯುವುದು ತೀರಾ ಅಪರೂಪ. ಇನ್ನೊಂದು ಮಾತು: ಉರಿಯುತ್ತ ಓಡುವುದೆಲ್ಲ ಸುಂಯ್ಯೆನ್ನಬೇಕು ಎಂದು ದೀಪಾವಳಿಯ ನಕ್ಷತ್ರಕಡ್ಡಿ ನಮ್ಮ ಕಿವಿಗೆ ಚಿಕ್ಕಂದಿನಿಂದ ಪಾಠ ಹೇಳಿಕೊಟ್ಟಿದೆ. ‘ಅವಳು ಹೇಳಿದ ಮೇಲೆ ನನಗೂ’ ಎಂದು ನೀವು ಬರೆದಿದ್ದೀರಲ್ಲ, ಆ ಪ್ರಾಮಾಣಿಕತೆಗೆ ನಮಸ್ಕಾರ. ನಿಮ್ಮ ಸಾಕ್ಷಿಯನ್ನು ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ.

ಭ್ರಮೆ ಎಂದು ಕೈತೊಳೆದುಕೊಳ್ಳಲು ನನಗೂ ಮನಸ್ಸಿಲ್ಲ. ಹಿರಿಯಡಕದ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಒಣಹಾಕಿದ ಅಂಗಳಕ್ಕೆ ರಾತ್ರಿ ಕಾವಲು ಮಲಗುತ್ತಿದ್ದೆವು. ನನಗಾಗ ಹದಿಮೂರೋ ಹದಿನಾಲ್ಕೋ. ಒಂದು ರಾತ್ರಿ ಆಕಾಶ ಹಸಿರಾಗಿ ಹೊತ್ತಿಕೊಂಡಿತು. ತೋಟದ ಅಂಚಿನ ಮರಗಳ ನೆರಳು ಒಣಗಿದ ಅಡಿಕೆಯ ಮೇಲೆ ಈ ಬದಿಯಿಂದ ಆ ಬದಿಗೆ ಸರ್ರನೆ ಜಾರಿತು. ಜೊತೆಗೇ, ಕಾದ ಕಾವಲಿಗೆ ನೀರು ಚಿಮುಕಿಸಿದಂತಹ ಸದ್ದು. ಚಳಿಗೆ ಬೈರಾಸನ್ನು ಕಿವಿಯ ಮೇಲೆ ಬಿಗಿದು ಮಲಗಿದ್ದ ಅಪ್ಪನನ್ನು ಎಬ್ಬಿಸಿದೆ. ‘ಕನಸು, ಮಲಗು’ ಎಂದರು. ನಾನು ಹಟ ಹಿಡಿದೆ, ಅವರು ಗದರಿದರು, ನಾನು ಮುನಿಸಿಕೊಂಡು ಒಳಗೆ ಹೋದೆ. ಐದು ನಿಮಿಷ ಸುಮ್ಮನೆ ಅಂಗಳದಲ್ಲೇ ಕಾದಿದ್ದರೆ ಗುಡುಗಿನಂತಹ ಎರಡನೆಯ ಸದ್ದು ಬಂದಿತೋ ಇಲ್ಲವೋ ತಿಳಿಯುತ್ತಿತ್ತು. ಕಾಲೇಜಿನಲ್ಲಿ ಮೂವತ್ತು ವರ್ಷ ಶಬ್ದದ ವೇಗ ಪಾಠ ಮಾಡಿದ ನನಗೆ ಆ ಐದು ನಿಮಿಷ ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ಮಗಳನ್ನು ಒಬ್ಬಳನ್ನೇ ಕೂರಿಸಿ ಕೇಳಿ: ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದಿತ್ತೇ? ಬಿದ್ದಿದ್ದರೆ ಅವಳ ಮಾತಿಗೆ ನನ್ನದೂ ಒಂದು ಸಹಿ. ಇಲ್ಲವಾದರೆ ಈ ಸಲ ಗೆದ್ದದ್ದು ಯಜಮಾನರು.

ಬರುವ ಡಿಸೆಂಬರಿನಲ್ಲಿ ಮತ್ತೆ ಚಾಪೆ ಹಾಸಿ. ಮಲ್ಪೆ, ಕಾಪು ಎಂದು ಕಡಲ ಬದಿಗೆ ಹೋಗಬೇಡಿ. ಇಷ್ಟು ಸಣ್ಣ ಸದ್ದು ತೆರೆಗಳ ಅಬ್ಬರದಲ್ಲಿ ಉಳಿಯುವುದಿಲ್ಲ. ಮೊಬೈಲಿನ ರೆಕಾರ್ಡರನ್ನು ರಾತ್ರಿಯಿಡೀ ಓಡಲು ಬಿಡಿ. ದೊಡ್ಡದೊಂದು ಬಿದ್ದರೆ ಯಾರೂ ಬಾಯಿ ಬಿಡದೆ, ಮೂವರೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಟ್ಟು, ಐದು ನಿಮಿಷ ಕಾದು ಆಮೇಲೆ ಮಾತಾಡಿ. ಯಜಮಾನರ ತಲೆಗೆ ಕಪ್ಪು ಉಣ್ಣೆಯ ಟೊಪ್ಪಿಯೊಂದನ್ನು ಹಾಕಿಸಿ. ಕಿವಿ ಮುಚ್ಚದ ಹಾಗೆ.